ಎಐ ಟೂಲ್ ಕೊಂಡಾಯಿತು, ಬಳಸುವವರು ಎಲ್ಲಿ?

ಪ್ರಶ್ನೆ: ಎರಡು ವರ್ಷದಲ್ಲಿ ನಮ್ಮ ಸಂಸ್ಥೆ 25 ಜನರಿಂದ 80ಕ್ಕೆ ಬೆಳೆದಿದೆ. ಎಲ್ಲರಿಗೂ ಎಐ ಟೂಲ್ ಲೈಸೆನ್ಸ್ ಕೊಡಿಸಿ, ಅರ್ಧ ದಿನ ತರಬೇತಿಯನ್ನೂ ಮಾಡಿಸಿದೆವು. ಬಳಸುವವರು ಬೆರಳೆಣಿಕೆ. ಇನ್ನೊಂದು ತರಬೇತಿ ಇಡಬೇಕೇ?

ಈಗಲೇ ಬೇಡ. ಮೊದಲು ನಿಮ್ಮ ಫೈಲುಗಳನ್ನು ನೋಡಿ. 25 ಜನರಿದ್ದಾಗ ‘ಆ ಶೀಟ್ ಹಳೇದು, ಇದನ್ನು ತಗೊಳ್ಳಿ’ ಅಂತ ಬಾಯಲ್ಲೇ ಹೇಳಿ ಕೆಲಸ ನಡೆಯುತ್ತಿತ್ತು. 80 ಜನರಿಗೆ ಆ ಮಾತು ತಲುಪುವುದಿಲ್ಲ, ಎಐಗಂತೂ ಗೊತ್ತೇ ಆಗುವುದಿಲ್ಲ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಮೂರೂ ಒಂದೇ ಫೋಲ್ಡರ್‌ನಲ್ಲಿದ್ದರೆ ಅದು ಯಾವುದನ್ನು ಬೇಕಾದರೂ ಎತ್ತಿಕೊಂಡೀತು. ದಿನಾಂಕದ ಕಾಲಂನಲ್ಲಿ 03/04 ಎಂದಿದ್ದರೆ, ಏಪ್ರಿಲ್ 3 ಇರಬಹುದು, ಮಾರ್ಚ್ 4 ಇರಬಹುದು. ಎಐ ನಿಮ್ಮನ್ನು ಕೇಳದೆಯೇ ಒಂದನ್ನು ಹಿಡಿದು ಮುಂದೆ ಹೋಗುವುದೂ ಉಂಟು. ಎರಡು ಸಲ ಹೀಗೆ ಎಡವಿದ ಉದ್ಯೋಗಿ ಮೂರನೇ ಸಲ ಟೂಲ್ ತೆರೆಯುವುದಿಲ್ಲ. ಅದನ್ನು ಸೋಮಾರಿತನ ಎನ್ನಬೇಡಿ.

ಇನ್ನು ಜನರ ಸಿದ್ಧತೆ. ‘ಎಐ ಎಷ್ಟು ಗೊತ್ತು? 1ರಿಂದ 5 ಅಂಕ ಕೊಡಿ’ ಎಂಬ ಫಾರ್ಮ್‌ನಿಂದ ಏನೂ ತಿಳಿಯದು. ಬದಲಿಗೆ 20 ನಿಮಿಷದ ಕೆಲಸ ಕೊಡಿ: 50 ಸಾಲಿನ ಒಂದು ಶೀಟ್, ಜೊತೆಗೆ ಎಐ ಬರೆದ ಅದರ ಸಾರಾಂಶ. ಸಾರಾಂಶದಲ್ಲಿ ಒಂದು ಮೊತ್ತವನ್ನು ಬೇಕೆಂದೇ ಬದಲಿಸಿಡಿ. ಇಂಥ ಎಐ ಟೂಲ್‌ಗಳ ಹಿಂದಿರುವ ಭಾಷಾ ಮಾದರಿಗಳು ಮುಂದಿನ ಪದವನ್ನು ಊಹಿಸುತ್ತಾ ಬರೆಯುವುದರಿಂದ ಸರಿ ಉತ್ತರವೂ ತಪ್ಪು ಉತ್ತರವೂ ಅಷ್ಟೇ ನಯವಾಗಿರುತ್ತವೆ. ಓದಿದರೆ ಸಾಲದು, ಶೀಟ್‌ಗೆ ಹೋಗಿ ಕೂಡಿ ನೋಡಬೇಕು. ತಪ್ಪು ಹಿಡಿಯದವರಿಗೆ ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ಬರೆಯುವ ಪಾಠಕ್ಕಿಂತ ಮುಂಚೆ, ಶೀಟ್‌ನಲ್ಲಿ ಬೇಕಾದ ಸಾಲು ಹೆಕ್ಕುವ ಫಿಲ್ಟರ್, ಗುಂಪುವಾರು ಮೊತ್ತ ತೆಗೆಯುವ ಪಿವಟ್ ಟೇಬಲ್ ಕಲಿಸಿ.

ಆಮೇಲೆ ಒಂದೇ ಕೆಲಸ ಆರಿಸಿ, ಉದಾಹರಣೆಗೆ ದೂರಿನ ಇಮೇಲ್‌ಗೆ ಉತ್ತರದ ಕರಡು. ಆರು ಜನ, ನಾಲ್ಕು ವಾರ. ಮೊದಲ ವಾರ ಎಐ ಇಲ್ಲದೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದಿಡಿ. ಈ ಲೆಕ್ಕ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಬರೀ ಅಭಿಪ್ರಾಯ. ತಿದ್ದುವ ಸಮಯವನ್ನೂ ಸೇರಿಸಿ: 12 ನಿಮಿಷದ ಕೆಲಸ 3 ನಿಮಿಷಕ್ಕೆ ಇಳಿದು, ತಿದ್ದಲು 10 ನಿಮಿಷ ಹೋದರೆ ನಷ್ಟವೇ. ಕಳಿಸುವ ಮುನ್ನ ಯಾರು ಓದಿ ಒಪ್ಪಬೇಕು ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿ.

ಒಂದು ಅನುಮಾನ: ಬಳಕೆ ನಿಜಕ್ಕೂ ಅಷ್ಟು ಕಡಿಮೆಯೇ? ಸ್ವಂತ ಖಾತೆಯಲ್ಲಿ, ಸ್ವಂತ ಫೋನಿನಲ್ಲಿ ಬಳಸುವವರು ನಿಮ್ಮ ಲೈಸೆನ್ಸ್ ವರದಿಯಲ್ಲಿ ಕಾಣುವುದಿಲ್ಲ. ಗ್ರಾಹಕರ ವಿವರ, ಸಂಬಳದ ಪಟ್ಟಿ, ಪಾಸ್‌ವರ್ಡ್ ಹೊರಗಿನ ಟೂಲ್‌ಗೆ ಹಾಕಬಾರದೆಂದು ಒಂದು ಪುಟದಲ್ಲಿ ಬರೆದು ಕೊಡಿ. ಕೊಟ್ಟ ಮೇಲೆ, ಗದರದೆ, ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಕೇಳಿ. ಮುಂದಿನ ಪ್ರಯೋಗಕ್ಕೆ ಕೆಲಸ ಅಲ್ಲೇ ಸಿಗುತ್ತದೆ.