ಕತ್ತು ನೋವು: ಸ್ನಾಯುವೋ, ನರವೋ, ಬೆನ್ನುಹುರಿಯೋ?

ಕತ್ತು ನೋವಿನ ಪಾಠ ಓದುವಾಗ ಕಾರಣಗಳ ಉದ್ದ ಪಟ್ಟಿಯನ್ನು ಬಾಯಿಪಾಠ ಮಾಡಲು ಹೋಗಬೇಡಿ. ಮೊದಲು ಇಷ್ಟು ಕೇಳಿಕೊಳ್ಳಿ: ತೊಂದರೆ ಸ್ನಾಯು-ಕೀಲುಗಳದ್ದೋ, ನರದ ಬುಡದ್ದೋ, ಬೆನ್ನುಹುರಿಯದ್ದೋ? ಚಿಕಿತ್ಸೆ ಯಾವುದು ಎನ್ನುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಮೊದಲನೆಯದೇ ಜಾಸ್ತಿ. ಕತ್ತು ಹಿಡಿದುಕೊಂಡಿರುತ್ತದೆ, ಹೆಗಲವರೆಗೂ ನೋಯಬಹುದು, ಆದರೆ ಕೈ ಜೋಮು ಹಿಡಿಯುವುದಿಲ್ಲ. ಸುಮ್ನೆ ಮಲಗುವ ಬದಲು ಆದಷ್ಟು ಕತ್ತು ಆಡಿಸುತ್ತಿರಬೇಕು. ಬಿಸಿ ಶಾಖ, ಬೇಕಿದ್ದರೆ ಕೆಲವು ದಿನ ನೋವಿನ ಮಾತ್ರೆ. ನೋವು 12 ವಾರ ದಾಟಿದರೆ ದೀರ್ಘಕಾಲದ್ದು ಎನ್ನುತ್ತಾರೆ. ಆಗ ಕತ್ತು ಮತ್ತು ಹೆಗಲಿನ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮವೇ ಮುಖ್ಯ. ನಿದ್ದೆ, ಮಾನಸಿಕ ಒತ್ತಡದ ಬಗ್ಗೆಯೂ ವಿಚಾರಿಸಿ. ಕಾಲರ್ (ಕತ್ತಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ತುಂಬಾ ದಿನ ಹಾಕಿದರೆ ಸ್ನಾಯುಗಳು ಸೊರಗುತ್ತವೆ.

ನರದ ವಿಷಯದಲ್ಲಿ ಲೆಕ್ಕ ತಪ್ಪುವುದು ಸುಲಭ. ಕತ್ತಿನಲ್ಲಿ ಮೂಳೆ 7, ಆದರೆ ನರಗಳು 8 ಜೊತೆ. ಮೊದಲ ಏಳು ನರಗಳು ತಮ್ಮ ಸಂಖ್ಯೆಯ ಮೂಳೆಯ ಮೇಲಿನಿಂದ ಹೊರಬರುತ್ತವೆ, ಎಂಟನೆಯದು ಏಳನೇ ಮೂಳೆಯ ಕೆಳಗಿನಿಂದ. ಹಾಗಾಗಿ 5 ಮತ್ತು 6ನೇ ಮೂಳೆಗಳ ನಡುವಿನ ಡಿಸ್ಕ್ (ಮೆತ್ತೆಯಂಥ ಬಿಲ್ಲೆ) ಜಾರಿದರೆ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಸಿ6, ಅಂದರೆ ಕತ್ತಿನ ಆರನೇ ನರ. ಹೆಬ್ಬೆರಳ ಕಡೆ ಜೋಮು ಬಂದರೆ ಸಿ6, ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8 ನೆನಪಿಗೆ ಬರಲಿ. ರೋಗಿ ಕೈಯನ್ನು ತಲೆ ಮೇಲಿಟ್ಟುಕೊಂಡೇ ಕೂತಿದ್ದರೆ ಅದನ್ನೂ ಗಮನಿಸಿ. ಹಾಗೆ ಇಟ್ಟಾಗ ನರದ ಎಳೆತ ತಗ್ಗಿ ಹಾಯೆನಿಸುತ್ತದೆ. ಇವರಲ್ಲೂ ಹೆಚ್ಚಿನವರು ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ.

ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದಿದ್ದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. ವಯಸ್ಸಾದಂತೆ ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ. ರೋಗಿ ಹೇಳುವುದಕ್ಕೂ ಚಿತ್ರಕ್ಕೂ ತಾಳೆಯಾಗಬೇಕು, ಅಲ್ವಾ?

ಬೆನ್ನುಹುರಿ ಒತ್ತಿಹೋದಾಗ ನೋವು ಕಡಿಮೆ ಇರಬಹುದು, ಅದೇ ಮೋಸ. ಅಂಗಿ ಗುಂಡಿ ಹಾಕಲು ತಡವರಿಸುತ್ತಾರೆ, ಅಕ್ಷರ ಕೆಡುತ್ತದೆ, ನಡೆಯುವಾಗ ತೂರಾಡುತ್ತಾರೆ. ಇಲ್ಲಿ ವ್ಯಾಯಾಮ ಹೇಳಿಕೊಟ್ಟು ಕಾಯುವಂತಿಲ್ಲ. ಬೇಗ ಸ್ಕ್ಯಾನ್ ಮಾಡಿಸಿ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು.

ಇನ್ನು ಈ ಮೂರರಲ್ಲೂ ಸೇರದ ಕೆಲವಿವೆ. ಜ್ವರ, ತಲೆನೋವಿನ ಜೊತೆ ಕತ್ತು ಬಿಗಿದರೆ ಮೆದುಳಿನ ಪೊರೆಯ ಸೋಂಕಿರಬಹುದು. ಹಠಾತ್ತನೆ ಜೋರು ಕತ್ತು ನೋವು ಬಂದು, ತಲೆ ಸುತ್ತಿ, ಎರಡೆರಡು ಕಂಡರೆ ಕತ್ತಿನ ರಕ್ತನಾಳದ ಒಳಪದರ ಹರಿದಿರಬಹುದು. ಅಂಥವರ ಕತ್ತನ್ನು ತಿರುಗಿಸಿ ಪರೀಕ್ಷೆ ಮಾಡಲು ಹೋಗದೆ ನೇರ ತುರ್ತು ವಿಭಾಗಕ್ಕೆ ಕಳಿಸಿ.