ಮೊದಲ ಮ್ಯಾಚ್‌ನಲ್ಲಿ ಕೈಕೊಟ್ಟಿದ್ದು ಸ್ಟ್ಯಾಮಿನಾನಾ?

ಮೊದಲ ಗ್ರ್ಯಾಪ್ಲಿಂಗ್ (ಗುದ್ದಾಟವಿಲ್ಲದೆ ಎದುರಾಳಿಯನ್ನು ಹಿಡಿದು, ಕೆಡವಿ ಸೋಲಿಸುವ, ಕುಸ್ತಿಯಂಥ ಆಟ) ಟೂರ್ನಮೆಂಟ್ ಆಡಿದವರು ಮ್ಯಾಟ್‌ನಿಂದ ಇಳಿದ ಕೂಡಲೇ ಹೇಳುವುದು ಒಂದೇ ಮಾತು. "ಸರ್, ಸ್ಟ್ಯಾಮಿನಾ ಸಾಲಲಿಲ್ಲ." ಮಾರನೇ ದಿನವೇ ಬೆಳಗ್ಗೆ ಎದ್ದು ಓಡಲು ಶುರು ಮಾಡುತ್ತಾರೆ. ಎರಡು ತಿಂಗಳು ಓಡಿ, ಇನ್ನೊಂದು ಟೂರ್ನಮೆಂಟ್‌ಗೆ ಹೋಗಿ, ಮತ್ತೆ ಅದೇ ಮಾತು ಹೇಳಿಕೊಂಡು ಬರುತ್ತಾರೆ.

ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇದೊಂದನ್ನು ಬಿಡಿಸಿ ಹೇಳಿಬಿಡುತ್ತೇನೆ.

ಸ್ವಲ್ಪ ಯೋಚಿಸಿ. ಕ್ಲಾಸ್‌ನಲ್ಲಿ ಐದೈದು ನಿಮಿಷದ ರೌಂಡ್‌ಗಳನ್ನು ಒಂದರ ಹಿಂದೆ ಒಂದು ಆಡುವ ಹುಡುಗ, ಟೂರ್ನಮೆಂಟ್‌ನಲ್ಲಿ ಎರಡನೇ ನಿಮಿಷಕ್ಕೇ ಕೈ ಎತ್ತಲಾಗದೆ ನಿಲ್ಲುತ್ತಾನೆ. ಒಂದೇ ರಾತ್ರಿಯಲ್ಲಿ ಅವನ ದಮ್ಮು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಅವನ ಮುಂಗೈಯನ್ನು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಕಲ್ಲಾಗಿರುತ್ತದೆ. ಕಾಲು ಚೆನ್ನಾಗಿಯೇ ಇರುತ್ತದೆ.

ಆಗುವುದು ಇಷ್ಟು. ಹೆಸರು ಕೂಗಿದ ಕ್ಷಣ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬೆರಳು ತಣ್ಣಗಾಗುತ್ತದೆ, ಈಗಷ್ಟೇ ಹೋಗಿ ಬಂದಿದ್ದರೂ ಮತ್ತೆ ಮೂತ್ರ ಬಂದಂತಾಗುತ್ತದೆ. ಕೆಲವರಿಗೆ ಸುಮ್ನೆ ಆಕಳಿಕೆ ಬರುತ್ತದೆ. ಇದೇ ಸ್ಥಿತಿಯಲ್ಲಿ ಮ್ಯಾಟ್‌ಗೆ ಹೋಗಿ, ಎದುರಾಳಿಯ ಕಾಲರ್ ಸಿಕ್ಕ ತಕ್ಷಣ ಜೀವ ಹೋದರೂ ಬಿಡಲ್ಲ ಅನ್ನುವ ಹಾಗೆ ಹಿಡಿಯುತ್ತಾರೆ. ಗೆಣ್ಣು ಬೆಳ್ಳಗಾಗುವಷ್ಟು. ಹಲ್ಲು ಕಚ್ಚಿರುತ್ತಾರೆ, ಭುಜ ಕಿವಿಯ ಹತ್ತಿರ ಬಂದಿರುತ್ತದೆ, ಉಸಿರು ಒಳಗೇ ನಿಂತಿರುತ್ತದೆ. ಸ್ನಾಯುವನ್ನು ಹೀಗೆ ಪೂರ್ತಿ ಬಿಗಿ ಹಿಡಿದೇ ಇಟ್ಟರೆ ಅದರೊಳಗಿನ ರಕ್ತನಾಳಗಳು ಒತ್ತಿಹೋಗುತ್ತವೆ. ಹೊಸ ರಕ್ತ ಸರಿಯಾಗಿ ಬರುವುದಿಲ್ಲ, ದಣಿವಿನ ಕಸ ಹೊರಗೆ ಹೋಗುವುದಿಲ್ಲ. ಒಂದೂವರೆ ನಿಮಿಷದಲ್ಲಿ ಕೈ ಮುಗಿಯಿತು. ನೀವು ದಿನಾ ಹತ್ತು ಕಿಲೋಮೀಟರ್ ಓಡಿದರೂ ಈ ಬಿಗಿತ ಸಡಿಲವಾಗುವುದಿಲ್ಲ, ಯಾಕೆಂದರೆ ಅದು ಗಾಬರಿಯಿಂದ ಬಂದದ್ದು.

ಸ್ಟ್ಯಾಮಿನಾ ಬೇಡ ಅಂತ ನಾನು ಹೇಳುತ್ತಿಲ್ಲ. ಕ್ಲಾಸ್‌ನಲ್ಲೇ ಮೂರು ರೌಂಡ್ ಮುಗಿಸಲು ಆಗದಿದ್ದರೆ ಅದು ಬೇರೆ ಮಾತು, ಅದನ್ನು ಕೋಚ್ ಹತ್ತಿರ ಮಾತಾಡಿ. ಹಾಗೆಯೇ ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬರುವುದು ಇದ್ದರೆ ಅದನ್ನೂ "ನರ್ವಸ್" ಅಂತ ತಳ್ಳಿಹಾಕಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ: "ಹಾಗಾದರೆ ಗಾಬರಿನೇ ಆಗದ ಹಾಗೆ ಏನು ಮಾಡಬೇಕು ಸರ್?" ಏನೂ ಮಾಡಬೇಡಿ. ಗಾಬರಿ ಬರುತ್ತದೆ, ಬರಲಿ. ಅದನ್ನು ಓಡಿಸಲು ಹೋಗಿ ಅರ್ಧ ಶಕ್ತಿ ಕಳೆದುಕೊಳ್ಳುವವರನ್ನು ನೋಡಿದ್ದೇನೆ. ಕಣ್ಣು ಮುಚ್ಚಿ "ನಾನು ಶಾಂತ, ನಾನು ಶಾಂತ" ಅಂದುಕೊಳ್ಳುತ್ತಾರೆ, ಎದೆ ಮಾತ್ರ ಡಬಡಬ ಅನ್ನುತ್ತಲೇ ಇರುತ್ತದೆ, ಆಮೇಲೆ "ಅಯ್ಯೋ, ಶಾಂತ ಆಗಲಿಲ್ಲವಲ್ಲ" ಅಂತ ಇನ್ನೊಂದು ಗಾಬರಿ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ವಿಷಯದ ಮೇಲಿವೆ. ಭಾಷಣ ಮಾಡುವ ಮೊದಲು "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಅದು ಭಾಷಣ, ಇದು ಕುಸ್ತಿ, ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಮ್ಯಾಟ್ ಪಕ್ಕದಲ್ಲಿ ನಿಂತು ನಾನು ನೋಡುವುದೂ ಇದನ್ನೇ. ಎದೆ ಹೊಡೆದುಕೊಂಡರೆ "ಮೈ ತಯಾರಾಗುತ್ತಿದೆ" ಅಂದುಕೊಂಡು ಬಿಟ್ಟುಬಿಡುವವರು ಬೇಗ ಆಟಕ್ಕೆ ಇಳಿಯುತ್ತಾರೆ.

ತಯಾರಿ ಮಾಡಬೇಕಾದ್ದು ಮೊದಲ ಅರ್ಧ ನಿಮಿಷಕ್ಕೆ. ಪೂರ್ತಿ ಮ್ಯಾಚ್‌ಗೆ ಪ್ಲಾನ್ ಮಾಡಲು ಹೋಗಬೇಡಿ, ಅದು ಮೊದಲ ಜಗ್ಗಾಟದಲ್ಲೇ ಹಾರಿಹೋಗುತ್ತದೆ. ಯಾವ ಕೈ ಮೊದಲು ಎಲ್ಲಿ ಹಿಡಿಯುತ್ತದೆ, ಅದು ಸಿಗದಿದ್ದರೆ ಎರಡನೆಯದು ಯಾವುದು, ಟೇಕ್‌ಡೌನ್‌ಗೆ (ಎದುರಾಳಿಯನ್ನು ಕೆಡವಲು) ಹೋಗುತ್ತೀರಾ ಅಥವಾ ಗಾರ್ಡ್‌ಗೆ (ನೀವೇ ಕೆಳಗೆ ಹೋಗಿ ಅವನನ್ನು ನಿಮ್ಮ ಕಾಲುಗಳ ನಡುವೆ) ಎಳೆಯುತ್ತೀರಾ, ಅವನೇ ಮೊದಲು ನುಗ್ಗಿದರೆ ಏನು. ಇಷ್ಟೇ. "ಹೀಗಾದರೆ ಹೀಗೆ" ಅಂತ ಮೊದಲೇ ಗಟ್ಟಿ ಮಾಡಿಟ್ಟುಕೊಂಡರೆ ಆ ಹೊತ್ತಿನಲ್ಲಿ ತಲೆ ಓಡದಿದ್ದರೂ ಕೈ ಓಡುತ್ತದೆ. ಕೊನೇ ವಾರ ಯಾವುದೋ ವಿಡಿಯೋ ನೋಡಿ ಹೊಸ ಪಟ್ಟು ಕಲಿಯುವುದು ದಯವಿಟ್ಟು ಬೇಡ.

ಇದನ್ನು ತಣ್ಣಗಿರುವ ಮೈಯಲ್ಲೇ ಅಭ್ಯಾಸ ಮಾಡಬೇಕು. ಕ್ಲಾಸ್‌ನಲ್ಲಿ ನಿಮ್ಮ ಮೈ ಮೂರನೇ ರೌಂಡ್‌ಗೆ ಚೆನ್ನಾಗಿ ಬಿಸಿಯಾಗಿರುತ್ತದೆ, ಎದುರಿಗಿರುವವರು ಪರಿಚಯದವರು, ಅಲ್ವಾ? ಅದಕ್ಕೇ ನಾನು ಹುಡುಗರನ್ನು ಸುಮ್ಮನೆ ಕೂರಿಸಿ, ಇದ್ದಕ್ಕಿದ್ದಂತೆ ಹೆಸರು ಕೂಗಿ, ಬೇರೆ ಬ್ಯಾಚ್‌ನವರ ಜೊತೆ ನಿಲ್ಲಿಸಿ, ಎಲ್ಲರೂ ನೋಡುತ್ತಿರುವಾಗ ಒಂದೇ ಒಂದು ರೌಂಡ್ ಆಡಿಸುತ್ತೇನೆ. ಗೆದ್ದರೂ ಸೋತರೂ ಎರಡನೇ ರೌಂಡ್ ಇಲ್ಲ. ಸಿಟ್ಟು ಬರುತ್ತದೆ ಅವರಿಗೆ. ಬರಲಿ. ಟೂರ್ನಮೆಂಟ್ ದಿನ ಮಾತ್ರ ಬೆವರು ಬರುವಷ್ಟು ವಾರ್ಮಪ್ ಮಾಡಿಯೇ ಮ್ಯಾಟ್‌ಗೆ ಹೋಗಿ.

ಇನ್ನು ಉಸಿರು. ಐಬಿಜೆಜೆಎಫ್ (ಬ್ರೆಜಿಲಿಯನ್ ಜಿಯು-ಜಿಟ್ಸು ಟೂರ್ನಮೆಂಟ್ ನಡೆಸುವ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಗಾರ್ಡ್ ಪಾಸ್ ಮಾಡಿದರೆ, ಅಂದರೆ ಎದುರಾಳಿಯ ಕಾಲುಗಳನ್ನು ದಾಟಿ ಬಂದರೆ 3 ಪಾಯಿಂಟ್, ಮೌಂಟ್‌ಗೆ, ಅಂದರೆ ಅವನ ಮೈಮೇಲೆ ಎರಡೂ ಕಡೆ ಕಾಲು ಹಾಕಿ ಕೂತರೆ 4. ಆದರೆ ಆ ಜಾಗದಲ್ಲಿ 3 ಸೆಕೆಂಡ್ ಹಿಡಿದು ನಿಂತರೆ ಮಾತ್ರ. ಮೊದಲ ಸಲ ಆಡುವವರು ಮೌಂಟ್‌ಗೆ ಬಂದ ಕೂಡಲೇ ಗಡಿಬಿಡಿಯಲ್ಲಿ ಸಬ್‌ಮಿಷನ್‌ಗೆ (ಸೋಲೊಪ್ಪಿಸುವ ಲಾಕ್ ಅಥವಾ ಕತ್ತು ಹಿಡಿತಕ್ಕೆ) ಕೈ ಹಾಕಿ, ಉರುಳಿ ಬಿದ್ದು, ಪಾಯಿಂಟೂ ಇಲ್ಲ ಜಾಗವೂ ಇಲ್ಲ ಅನ್ನುವ ಹಾಗೆ ಆಗುತ್ತಾರೆ. ಆ 3 ಸೆಕೆಂಡ್ ನಿಮ್ಮದು. ಬಾಯಿಂದ ಉದ್ದಕ್ಕೆ ಉಸಿರು ಬಿಡಿ, ಬೆರಳು ಅರ್ಧ ಸಡಿಲ ಮಾಡಿ, ರೆಫರಿಯ ಕೈ ನೋಡಿ. ಕೆಳಗೆ ಸಿಕ್ಕಿಕೊಂಡಾಗಲೂ ಅಷ್ಟೇ, ಮೊದಲು ಉಸಿರು ಬಿಟ್ಟು ಆಮೇಲೆ ಸೊಂಟ ಆಡಿಸಿ.

ನಲವತ್ತು ದಾಟಿದ ಮೇಲೆ ಶುರು ಮಾಡಿದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಕಲಿಯುತ್ತಿದ್ದರು. ಮೊದಲ ಮ್ಯಾಚ್‌ಗೆ ಕಾಯುತ್ತಾ ಬೆಲ್ಟ್ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. "ಸರ್, ಮೊದಲನೇದರಲ್ಲೇ ಸೋತರೆ ಎಲ್ಲರೂ ಏನಂದುಕೊಳ್ತಾರೆ?" ಅಂದರು. 16 ಜನರ ನಾಕೌಟ್‌ನಲ್ಲಿ ಮೊದಲ ಸುತ್ತಿಗೇ 8 ಜನ ಮನೆಗೆ ಹೋಗುತ್ತಾರೆ ಅಮ್ಮ, ಅಷ್ಟೂ ಜನರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂದೆ. ಅವರು ಪಾಯಿಂಟ್ಸ್ ಮೇಲೆ ಸೋತರು. ಆದರೆ ಸೈಡ್ ಕಂಟ್ರೋಲ್ (ಎದುರಾಳಿ ಪಕ್ಕದಿಂದ ಎದೆಯ ಮೇಲೆ ಒತ್ತಿ ಹಿಡಿಯುವುದು) ಕೆಳಗೆ ಸಿಕ್ಕಿಕೊಂಡಿದ್ದಾಗ ಕೆನ್ನೆ ಉಬ್ಬಿಸಿ "ಫೂ" ಅಂತ ಉಸಿರು ಬಿಟ್ಟಿದ್ದು ನನಗೆ ಕಾಣಿಸಿತು. ಇಳಿದು ಬಂದು "ಸರ್, ಕೈ ಇನ್ನೂ ಇದೆ" ಅಂತ ಮುಷ್ಟಿ ಬಿಚ್ಚಿ ಮುಚ್ಚಿ ತೋರಿಸಿದರು. ಅವತ್ತು ನನಗಾದ ಸಂತೋಷ ಎಷ್ಟೋ ಮೆಡಲ್‌ಗಳಿಂದ ಆಗಿಲ್ಲ.

ಟ್ಯಾಪ್ (ಸೋಲೊಪ್ಪಿ ಕೈ ತಟ್ಟುವುದು) ಬಗ್ಗೆಯೂ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ. ಅಡ್ರಿನಲಿನ್ ಏರಿದಾಗ ನೋವು ತಡವಾಗಿ ಗೊತ್ತಾಗುತ್ತದೆ. ಮೊಣಕೈ ನೆಟ್ಟಗಾಗಿ ಲಾಕ್ ಬಿದ್ದರೆ ನೋವಿಗೆ ಕಾಯಬೇಡಿ, ಟ್ಯಾಪ್ ಮಾಡಿ. ಕೈ ಸಿಗದಿದ್ದರೆ ಬಾಯಲ್ಲಿ ಹೇಳಿ, ಅದೂ ನಡೆಯುತ್ತದೆ. ಮೊದಲ ಟೂರ್ನಮೆಂಟ್‌ಗೆ ತೂಕ ಇಳಿಸುವ ಸರ್ಕಸ್ ಬೇಡ, ಈಗಿರುವ ತೂಕಕ್ಕೆ ಯಾವ ವಿಭಾಗವೋ ಅದರಲ್ಲೇ ಆಡಿ. ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಚಿಂತೆ ಬೇಡ, ತುಂಬಾ ಜನರಿಗೆ ಬರುವುದಿಲ್ಲ, ಅದರ ಹಿಂದಿನ ಎರಡು ರಾತ್ರಿ ಚೆನ್ನಾಗಿ ಮಲಗಿ. ವಾರಗಟ್ಟಲೆ ನಿದ್ದೆಯೇ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಅದು ನನ್ನಂಥವನ ಕೆಲಸ ಅಲ್ಲ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ.

ಜೊತೆಗೆ ಬರುವ ಗೆಳೆಯರಿಗೂ ಒಂದು ಮಾತು. ನಾಲ್ಕು ಜನ ನಾಲ್ಕು ಪಟ್ಟು ಕೂಗಬೇಡಿ, ಮೊದಲ ಸಲ ಆಡುವವರಿಗೆ ಒಂದೂ ಕೇಳಿಸುವುದಿಲ್ಲ. ಒಬ್ಬರು ಮಾತ್ರ ಕೂಗಿ, ಎಷ್ಟು ಹೊತ್ತು ಉಳಿದಿದೆ ಅಂತ ಹೇಳಿ, ನಡುವೆ "ಉಸಿರು" ಅನ್ನಿ. ಇನ್ನೊಬ್ಬರು ವಿಡಿಯೋ ಮಾಡಿ. ಆಡಿದವರು ಆ ವಿಡಿಯೋದಲ್ಲಿ ಮೊದಲು ಸ್ಕೋರ್ ನೋಡಬೇಡಿ, ನಿಮ್ಮ ಬೆರಳು ನೋಡಿ. ಎಷ್ಟನೇ ಸೆಕೆಂಡಿಗೆ ಬಿಗಿಯಾಯಿತು, ಯಾವಾಗ ಬಿಟ್ಟಿರಿ, ಬಿಟ್ಟಿರೋ ಇಲ್ಲವೋ, ಬರೆದುಕೊಂಡು ಕ್ಲಾಸ್‌ಗೆ ತನ್ನಿ. ಓಡುವ ಶೂ ಕೊಳ್ಳಬೇಕೋ ಬೇಡವೋ ಅಂತ ಅದನ್ನು ನೋಡಿ ಮಾತಾಡೋಣ.