ಸಾಸಿವೆ ಕಾಳಿನಷ್ಟು ಶ್ವಾಸಕೋಶ

ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾವಿರುವ ತೆಳು ನಳಿಗೆಯನ್ನು (ಸ್ಕೋಪ್) ಗಾಳಿದಾರಿಯೊಳಗೆ ಇಳಿಸಿ ನೋಡುವಾಗ, ಪರೀಕ್ಷೆಗೆಂದು ಶ್ವಾಸಕೋಶದಿಂದ ತೆಗೆಯುವ ತುಂಡು ಹೆಚ್ಚುಕಡಿಮೆ ಸಾಸಿವೆ ಕಾಳಿನ ಗಾತ್ರದ್ದು, ಒಂದರಿಂದ ಮೂರು ಮಿಲಿಮೀಟರ್. ಅಡಿಕೆ ಸುಲಿಯುವಾಗ ಬೆರಳಿಗಾಗುವ ಗಾಯ ಇದಕ್ಕಿಂತ ದೊಡ್ಡದು. ಹಾಗಿದ್ದೂ ಕುಮಟಾ, ಹೊನ್ನಾವರ, ಕಾರವಾರದ ಕಡೆಯಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋದವರ ಮುಂದೆ ಸಹಿಗೆಂದು ಇಟ್ಟ ಕಾಗದದಲ್ಲಿ 'ಜೀವಾಪಾಯ' ಎಂಬ ಮಾತು ಇದ್ದೇ ಇರುತ್ತದೆ. ಗಾಯ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅಲ್ಲಿಂದ ಹೊರಟ ರಕ್ತವೂ ಗಾಳಿಯೂ ಎಲ್ಲಿ ಹೋಗಿ ಸೇರುತ್ತವೆ ಎನ್ನುವುದು ಇಲ್ಲಿ ಮುಖ್ಯ.

ಮೊದಲು ರಕ್ತ. ದೊಡ್ಡವರ ಗಂಟಲಿನಿಂದ ಕೊನೆಯ ಸಣ್ಣ ಕವಲುಗಳವರೆಗಿನ ಗಾಳಿದಾರಿಯಲ್ಲಿ ಹಿಡಿಸುವುದು ಸುಮಾರು 150 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಮೈಯಲ್ಲಿರುವ ಐದು ಲೀಟರ್ ರಕ್ತದಲ್ಲಿ ಅಷ್ಟು ಹೋದರೆ ಯಾರೂ ಸುಸ್ತಾಗುವುದೂ ಇಲ್ಲ. ಆದರೆ ಅಷ್ಟೇ ರಕ್ತ ಆ ದಾರಿಯಲ್ಲಿ ಹೆಪ್ಪುಗಟ್ಟಿದರೆ ಉಸಿರೇ ನಿಲ್ಲುತ್ತದೆ. ಆದ್ದರಿಂದಲೇ ತುಂಡು ತೆಗೆದೊಡನೆ ಅನುಭವಿ ವೈದ್ಯರು ಸ್ಕೋಪನ್ನು ಹೊರಗೆಳೆಯುವುದಿಲ್ಲ. ಐದಾರು ಮಿಲಿಮೀಟರ್ ದಪ್ಪದ ಅದರ ತುದಿಯನ್ನು ಆ ಕವಲಿನ ಬಾಯಿಗೇ ಬಿರಡೆಯಂತೆ ಒತ್ತಿ ಹಿಡಿದು, ಕೆಲವು ನಿಮಿಷ ಹಾಗೇ ಇರುತ್ತಾರೆ. ರಕ್ತ ಆಚೆ ಹರಿಯದೆ ಅಲ್ಲೇ ಹೆಪ್ಪುಗಟ್ಟುತ್ತದೆ. ಕ್ಯಾಮೆರಾಕ್ಕೆ ರಕ್ತ ಮೆತ್ತಿ ಏನೂ ಕಾಣಿಸದಾದಾಗ ಗಾಬರಿಯಲ್ಲಿ ಸ್ಕೋಪ್ ಎಳೆದುಬಿಡುವುದೇ ದೊಡ್ಡ ತಪ್ಪು. ಮತ್ತೆ ಅದೇ ಕವಲನ್ನು ಹುಡುಕುವುದು ಕಷ್ಟ. ಇಷ್ಟಕ್ಕೂ ನಿಲ್ಲದಿದ್ದರೆ ಐಸಿನಷ್ಟು ತಣ್ಣಗಿನ ಸಲೈನ್, ಹತ್ತು ಸಾವಿರಕ್ಕೆ ಒಂದರಂತೆ ತೆಳುಗೊಳಿಸಿದ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್, ಕೊನೆಗೆ ಕವಲನ್ನೇ ಮುಚ್ಚುವ ಬಲೂನು. ರೋಗಿಯನ್ನು ರಕ್ತ ಬರುವ ಬದಿ ಕೆಳಗಾಗುವಂತೆ ಮಗ್ಗುಲಿಗೆ ಮಲಗಿಸುತ್ತಾರೆ, ಒಳ್ಳೆಯ ಬದಿಗೆ ರಕ್ತ ಇಳಿಯಬಾರದೆಂದು.

ಇಲ್ಲಿ ಮನೆಯವರ ಕೈಯಲ್ಲೂ ಒಂದು ಕೆಲಸವಿದೆ: ಮಾತ್ರೆಗಳ ಪಟ್ಟಿ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್ ಮಾತ್ರೆ ನುಂಗುತ್ತಲೇ ಬಯಾಪ್ಸಿ (ಹೀಗೆ ತುಂಡು ತೆಗೆಯುವುದು) ಮಾಡಿಸಿಕೊಂಡ 18 ಜನರಲ್ಲಿ 16 ಮಂದಿಗೆ ರಕ್ತಸ್ರಾವವಾಯಿತು. ಅದನ್ನು ತೆಗೆದುಕೊಳ್ಳದವರಲ್ಲಿ ಆದದ್ದು ಶೇ 3.4 ಮಂದಿಗೆ. ಆದ್ದರಿಂದ ಈ ಮಾತ್ರೆಯನ್ನು ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕು. ಆಸ್ಪಿರಿನ್ ಒಂದೇ ಆದರೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಎರಡೂ ಒಂದೇ ಕ್ಯಾಪ್ಸೂಲಿನಲ್ಲಿ ಇರುವುದುಂಟು, "ಆಸ್ಪಿರಿನ್ ಮಾತ್ರೆ ಅಷ್ಟೇ" ಎಂದು ಹೇಳಿ ಮೋಸಹೋಗುವುದು ಇಲ್ಲೇ. ಖಾಲಿ ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಲೇಸು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ಹೃದಯದ ವೈದ್ಯರನ್ನು ಕೇಳದೆ ತಾವೇ ನಿಲ್ಲಿಸಕೂಡದು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್ಆರ್ 1.5ಕ್ಕಿಂತ ಕೆಳಗೆ ಇರಬೇಕು. ಸಿದ್ದಾಪುರ, ಹೊನ್ನಾವರದ ಕಾಡಂಚಿನವರು ಬೇಸಿಗೆಯಲ್ಲಿ ಮಂಗನ ಕಾಯಿಲೆಯಿಂದ ಈಚೆಗಷ್ಟೇ ಎದ್ದಿದ್ದರೆ ಹೇಳಲೇಬೇಕು, ಆ ಜ್ವರ ಪ್ಲೇಟ್‌ಲೆಟ್ ಇಳಿಸುತ್ತದೆ.

ಇನ್ನು ಗಾಳಿ. ಶ್ವಾಸಕೋಶದ ಒಳಗೆ ನೋವಿನ ಅರಿವಿಲ್ಲ. ಎದೆಗೂಡಿನ ಒಳಮೈಗೆ ಹೊದೆಸಿದ ಪೊರೆಗೆ ಇದೆ. ಸ್ಕೋಪಿನೊಳಗಿನಿಂದ ಹಾಯಿಸಿದ, ತುಂಡು ಹಿಡಿಯುವ ಇಕ್ಕುಳ ಕವಲುಗಳ ಕೊನೆಯವರೆಗೂ ಹೋಗಿ ತಡೆದಾಗ ಒಂದೆರಡು ಸೆಂಟಿಮೀಟರ್ ಹಿಂದೆಳೆದು, ಉಸಿರು ಒಳಗೆಳೆದುಕೊಳ್ಳಲು ಹೇಳಿ ಇಕ್ಕುಳದ ಬಾಯಿ ತೆರೆದು, ಉಸಿರು ಬಿಡುವಾಗ ಮುಂದೆ ತಳ್ಳಿ ಮುಚ್ಚುತ್ತಾರೆ. ಆಗ "ನೋವಾದರೆ ಕೈ ಎತ್ತಿ" ಎನ್ನುವುದು ಸಮಾಧಾನದ ಮಾತಲ್ಲ. ಎದೆಗೋ ಭುಜಕ್ಕೋ ಚುಚ್ಚಿದಂತಾದರೆ ಇಕ್ಕುಳ ಪೊರೆಯ ಹತ್ತಿರ ಹೋಗಿದೆ ಎಂದರ್ಥ, ಹಿಡಿದದ್ದನ್ನು ಬಿಟ್ಟು ಜಾಗ ಬದಲಿಸುತ್ತಾರೆ. ಶ್ವಾಸಕೋಶದ ಮೇಲಿನ ಪೊರೆ ಹರಿದರೆ ಗಾಳಿ ಎದೆಗೂಡಿಗೆ ನುಗ್ಗಿ ಶ್ವಾಸಕೋಶ ಕುಗ್ಗುತ್ತದೆ; ಇದು ನೂರರಲ್ಲಿ ಒಬ್ಬರಿಂದ ಆರು ಮಂದಿಗೆ ಆಗುವಂಥದ್ದು. ಒಂದೇ ದಿನ ಎರಡೂ ಬದಿಯ ತುಂಡು ತೆಗೆಯದಿರುವುದಕ್ಕೂ ಇದೇ ಕಾರಣ. ಐಸಿನಷ್ಟಲ್ಲ, ಅದಕ್ಕಿಂತ ಬಹಳ ಕೆಳಗಿನ ಶೀತದಿಂದ ಅಂಗಾಂಶವನ್ನು ಅಂಟಿಸಿ ಎಳೆಯುವ ಕ್ರಯೋಬಯಾಪ್ಸಿಯಲ್ಲಿ ತುಂಡು ದೊಡ್ಡದು ಸಿಗುತ್ತದೆ, ರಕ್ತಸ್ರಾವವೂ ಗಾಳಿಯ ತೊಂದರೆಯೂ ಅದಕ್ಕೆ ತಕ್ಕಂತೆ ಹೆಚ್ಚು.

ಉಪವಾಸದ ಮಾತು ಚಿಕ್ಕದು: ಗಟ್ಟಿ ಆಹಾರ ಆರು ಗಂಟೆ, ಬರಿ ನೀರು ಎರಡು ಗಂಟೆ. ಗಂಜಿಯೂ ಹಾಲು ಹಾಕಿದ ಕಷಾಯವೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಗಂಟಲು ಮರಗಟ್ಟಿಸುವ ಲಿಗ್ನೊಕೇನ್ ಕೆಜಿಗೆ ಸುಮಾರು 8 ಮಿಲಿಗ್ರಾಂ ದಾಟಬಾರದು. 50 ಕೆಜಿ ತೂಕದವರಿಗೆ ಶೇ 2ರ ದ್ರಾವಣ 20 ಮಿಲಿಲೀಟರ್. ಸ್ಪ್ರೇ ಮಾಡಿದ್ದೂ ಇದರೊಳಗೇ ಸೇರಬೇಕು. ಮೀರಿದರೆ ತುಟಿ ಜುಮುಗುಟ್ಟಿ, ಫಿಟ್ಸ್ ಬರಬಹುದು.

ಸಣ್ಣದೆಂದು ಬಿಟ್ಟುಹೋಗುವ ಇನ್ನೊಂದು ಎಡವಟ್ಟು ಬಾಟಲಿಯದು. ನಾಲ್ಕರಿಂದ ಆರು ತುಂಡು ತೆಗೆದು ಎಲ್ಲವನ್ನೂ ಅಂಗಾಂಶ ಕೆಡದಂತಿಡುವ ಫಾರ್ಮಲಿನ್‌ಗೆ ಹಾಕಿದರೆ ಕ್ಷಯದ ರೋಗಾಣು ಸತ್ತುಹೋಗುತ್ತದೆ, ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಲಾಗದು. ಕ್ಷಯದ ಅನುಮಾನವಿದ್ದಲ್ಲಿ ಒಂದೆರಡು ತುಂಡು ಬರಿ ಸಲೈನಿನಲ್ಲಿ ಹೋಗಬೇಕು. ಇಲ್ಲವಾದರೆ ಇಷ್ಟೆಲ್ಲ ಮತ್ತೊಮ್ಮೆ.

ತುಂಡು ತೆಗೆದ ಒಂದು ಗಂಟೆಯ ಬಳಿಕ ಎದೆಯ ಎಕ್ಸ್‌ರೇ ತೆಗೆಯುವುದು ರೂಢಿ, ಸೋರಿದ ಗಾಳಿ ಬಹುಪಾಲು ಅಷ್ಟರೊಳಗೆ ಕಾಣಿಸಿಕೊಳ್ಳುತ್ತದೆ. ಬಹುಪಾಲು, ಎಲ್ಲವೂ ಅಲ್ಲ. ಸಂಜೆಯ ಬಸ್ಸಿಗೆ ಅವಸರ ಬೇಡ ಎನ್ನುವುದು ಅದಕ್ಕೇ. ಮಣಿಪಾಲದಿಂದ ಕುಮಟಾಕ್ಕೆ ಬಂದು ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವವರು ಸುಮಾರು 600 ಮೀಟರ್ ಮೇಲೇರುತ್ತಾರೆ. ಗಾಳಿಯ ಒತ್ತಡ ಶೇ 7ರಷ್ಟು ಇಳಿದು, ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಅಷ್ಟೇ ಹಿಗ್ಗುತ್ತದೆ. ಅದು ಅಂಥ ದೊಡ್ಡದೇನಲ್ಲ. ತಿರುವುಗಳ ನಡುವೆ ಉಸಿರು ಕಟ್ಟಿದರೆ ಎದೆಗೆ ಟ್ಯೂಬ್ ಹಾಕುವವರು ಹತ್ತಿರದಲ್ಲಿ ಇರುವುದಿಲ್ಲ, ತೊಂದರೆ ಅದು. ಆ ರಾತ್ರಿ ಆಸ್ಪತ್ರೆಯ ಊರಿನಲ್ಲೇ ತಂಗುವುದು ಒಳ್ಳೆಯದು.

ಕಫದಲ್ಲಿ ರಕ್ತದ ಎಳೆ ಒಂದೆರಡು ದಿನ ಕಾಣಿಸಬಹುದು, ಸಂಜೆ ಮೈ ಬಿಸಿಯಾಗಿ ಮರುದಿನಕ್ಕೆ ಇಳಿಯಬಹುದು. ಚಮಚದಷ್ಟು ಹಸಿ ರಕ್ತ, ಉಸಿರೆಳೆದಾಗ ಇರಿದಂಥ ನೋವು, ಮೆಟ್ಟಿಲು ಹತ್ತದಿದ್ದರೂ ಏದುಸಿರು ಬಂದರೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು, ತುಂಡು ತೆಗೆದ ದಿನದ ಎಕ್ಸ್‌ರೇ ಫಿಲ್ಮ್ ಹಿಡಿದುಕೊಂಡು.